ಕೈಕಾಲಿರುವ ಫೋಟೋ

ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿ ಈಗ ಅಕ್ಕಿಯಿಲ್ಲ, ಕ್ಯಾಮೆರಾ ಇದೆ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಕೂಸನ್ನು ಮಲಗಿಸಿದ ಹಾಗೆ ಮಲಗಿಸಿದ್ದೇನೆ. ಮಳೆಗಾಲದ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬದಲ್ಲಿಡಿ ಎಂದು ಅಂಗಡಿಯವರು ಹೆದರಿಸಿದ್ದರು. ಮನೆಯಲ್ಲಿ ಅಂಥ ಡಬ್ಬ ಅಂತ ಇದ್ದದ್ದು ಅದೊಂದೇ. ಅಕ್ಕಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದೆ. ಅದಕ್ಕೀಗ ನುಸಿ ಬಂದಿದೆ, ಲೆನ್ಸಿಗೆ ಮಾತ್ರ ಏನೂ ಬಂದಿಲ್ಲ. "ಯಾವತ್ತಾದ್ರೂ ನಿದ್ದೆಗಣ್ಣಲ್ಲಿ ಅದನ್ನೇ ತೊಳೆದು ಕುಕ್ಕರಿಗೆ ಇಟ್ಟೀಯ, ನೋಡ್ಕೋ" ಎಂದು ನಮ್ಮ ಯಜಮಾನರು ಆಗಾಗ ಎಚ್ಚರಿಸುತ್ತಾರೆ. ಮೊನ್ನೆ ಪಾವು ಹಿಡಿದು ಡಬ್ಬಕ್ಕೆ ಕೈಹಾಕಿ ಲೆನ್ಸನ್ನು ಸವರಿದ್ದನ್ನು ಅವರಿಗೆ ಹೇಳಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಈ ವಯಸ್ಸಿನಲ್ಲಿ ಕ್ಯಾಮೆರಾ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಬೇಕಿರಲಿಲ್ಲ. ಬಾಯಿ ಜಾರಿತು ಅಷ್ಟೆ. ರಾಮನಗರದ ಕಚೇರಿಯೊಂದರಲ್ಲಿ ಟಪಾಲು ನೋಡಿಕೊಳ್ಳುತ್ತ ಕೂದಲು ಹಣ್ಣಾಗಿಸಿಕೊಂಡವಳು ನಾನು. ನಮ್ಮ ಕಚೇರಿಯಲ್ಲಿ ನಿವೃತ್ತರಾದವರಿಗೆ ಕೊಡುವ ಸಾಮಾನು ಮೊದಲೇ ಗೊತ್ತಾದದ್ದು: ಶಾಲು, ಹಣ್ಣಿನ ಬುಟ್ಟಿ, ಗಂಡಸಾದರೆ ಗೋಡೆ ಗಡಿಯಾರ, ಹೆಂಗಸಾದರೆ ಬೆಳ್ಳಿ ದೀಪ. ಊಟದ ಹೊತ್ತಿನಲ್ಲಿ ಯಾರೋ, "ಮೇಡಂ, ಇನ್ಮೇಲೆ ಮನೇಲಿ ಕೂತು ಏನ್ ಮಾಡ್ತೀರ?" ಎಂದರು. ಬಾಯಲ್ಲಿ ಚಿತ್ರಾನ್ನ ತುಂಬಿಕೊಂಡಿದ್ದ ನಾನು ತಮಾಷೆಗೆ, "ಫೋಟೋ ತೆಗೆದುಕೊಂಡು ಊರೂರು ತಿರುಗ್ತೀನಿ" ಅಂದುಬಿಟ್ಟೆ. ಒಳ್ಳೆಯ ಜನ, ನಂಬಿದರು. ಬೀಳ್ಕೊಡುಗೆಯ ದಿನ ಪೊಟ್ಟಣ ಬಿಚ್ಚಿದರೆ ಒಳಗೆ ಕರ್ರಗೆ, ದಪ್ಪಗೆ, ಒಂದೇ ಕಣ್ಣಿನಿಂದ ನನ್ನನ್ನೇ ದುರುಗುಟ್ಟಿಕೊಂಡು ಇದು ಕೂತಿತ್ತು. ಬೆಳ್ಳಿ ದೀಪವಾಗಿದ್ದರೆ ಬೀರುವಿನಲ್ಲಿಟ್ಟು ಮರೆಯಬಹುದಿತ್ತು. ಇದನ್ನು ಕಲಿಯಬೇಕಾಯಿತು.

ಜೊತೆಗೆ ಬಂದ ಪುಸ್ತಕವನ್ನು ಫೈಲು ಓದಿದ ಹಾಗೆ ಮೊದಲ ಪುಟದಿಂದ ಓದತೊಡಗಿದೆ. ಸ್ನಾನ ಮಾಡುವಾಗ ಬಳಸಬೇಡಿ, ಬೆಂಕಿಗೆ ಹಾಕಬೇಡಿ, ಪಟ್ಟಿಯನ್ನು ಮಗುವಿನ ಕೊರಳಿಗೆ ಸುತ್ತಬೇಡಿ. ಇಷ್ಟೆಲ್ಲ ಬೇಡಗಳನ್ನು ದಾಟಿ ಬೇಕುಗಳಿಗೆ ಬರುವಷ್ಟರಲ್ಲಿ ನಿದ್ದೆ ಬಂತು. ಮಾರನೆಯ ದಿನ ಪುಸ್ತಕ ಬಿಟ್ಟು ನೇರವಾಗಿ ಗುಂಡಿಗಳಿಗೇ ಕೈಹಾಕಿದೆ. ಏನೋ ಒತ್ತಿದೆ, ಇನ್ನೇನೋ ತಿರುಗಿಸಿದೆ, ಪರದೆಯ ಮೇಲಿನ ಅಕ್ಷರಗಳೆಲ್ಲ ಇದ್ದಕ್ಕಿದ್ದಂತೆ ಬಲದಿಂದ ಎಡಕ್ಕೆ ಹೊರಳಿ ಕೂತವು. ಒಂದಕ್ಷರವೂ ನನಗೆ ತಿಳಿಯಲಿಲ್ಲ. ಯಜಮಾನರು ಕನ್ನಡಕ ಏರಿಸಿ ನೋಡಿ, "ಇದು ಉರ್ದು. ನಜೀರ್ ಸಾಬರ ಹತ್ರ ಹೋಗು" ಎಂದರು.

ನಜೀರ್ ಸಾಬರದು ನಮ್ಮ ಬೀದಿಯ ಕೊನೆಯಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡು. ಕೈಯೊರೆಸಿಕೊಂಡು ಬಂದು, ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು, ಪರದೆಯ ಮೇಲಿದ್ದುದನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿದರು. ಅಷ್ಟು ಚೆಂದದ ಉಚ್ಚಾರ, ನಾನು ಸೆರಗು ಹೊದ್ದು ನಿಂತೆ.

"ಏನಂತೆ ಸಾಬ್ರೆ?"

"ಅದ್ ಗೊತ್ತಿಲ್ಲ ಅಕ್ಕ. ಇದು ಉರ್ದು ಅಲ್ಲ, ಅರಬ್ಬಿ. ಓದಕ್ಕೆ ಬರ್ತದೆ, ಅರ್ಥ ಆಗಲ್ಲ."

ಹಾಗೆಂದು ಕೈಬಿಡಲಿಲ್ಲ. ಮತ್ತೆ ಮತ್ತೆ ಓದಿ ಒಂದು ಕಡೆ ಬೆರಳು ನಿಲ್ಲಿಸಿದರು. "ಇಲ್ಲಿ ಲುಗಾ ಅಂತ ಐತೆ. ನಮ್ಮಲ್ಲಿ ಲುಗತ್ ಅಂದ್ರೆ ಡಿಕ್ಷನರಿ. ಭಾಷೆಗೆ ಸಂಬಂಧಪಟ್ಟಿದ್ದೇ ಇರ್ಬೇಕು. ಒತ್ತಲಾ?" ಒತ್ತಿದರು. ಭಾಷೆಗಳ ಸಾಲು ಬಂತು, ಇಂಗ್ಲಿಷು ಕಂಡಿತು, ನಾನು ಬದುಕಿಕೊಂಡೆ. ಆ ಸಂತೋಷಕ್ಕೆ ಶೆಡ್ಡಿನೊಳಗೆ ಹೋಗಿ ಅವರದೊಂದು ಫೋಟೋ ತೆಗೆದೆ. ಬರೀ ಬೆಳ್ಳಗೆ ಬಂತು. ಇನ್ನೊಂದು ತೆಗೆದೆ, ಇನ್ನೂ ಬೆಳ್ಳಗೆ. ಕೆಟ್ಟೇ ಹೋಯಿತು ಎಂದುಕೊಂಡೆ. ಗೂಡು ಬೇಯುವ ಬಾಣಲೆಗಳ ಹಬೆ ಲೆನ್ಸಿನ ಮೇಲೆ ಕೂತಿತ್ತು ಎಂದು ಆಮೇಲೆ ಗೊತ್ತಾಯಿತು. "ನಮ್ ಶೆಡ್ಡಿಗೆ ಬಂದ್ರೆ ಕ್ಯಾಮ್ರಾನೂ ಬೆವರಬೇಕು ಅಕ್ಕ" ಎಂದು ಸಾಬರು ನಕ್ಕರು.

ಹೀಗೆ ಸಾಗಿತು ನನ್ನ ವಿದ್ಯಾಭ್ಯಾಸ. ರಾಮನಗರದ ಬೆಟ್ಟದ ಬಂಡೆಯ ಮೇಲೆ ರಣಹದ್ದು ಕೂತಿದೆ ಎಂದು ಉಸಿರು ಬಿಗಿಹಿಡಿದು ತೆಗೆದು ಕಂಡವರಿಗೆಲ್ಲ ತೋರಿಸಿದೆ. ದೊಡ್ಡದು ಮಾಡಿ ನೋಡಿದರೆ ಹರಿದ ಕಪ್ಪು ಪ್ಲಾಸ್ಟಿಕ್ ಚೀಲ. ಇನ್ನೊಂದು ದಿನ ಯಾವುದೋ ಗುಂಡಿ ತಿರುಗಿ, ಒಂದು ಸಲ ಒತ್ತಿದರೆ ಟಕಟಕಟಕ ಎಂದು ಸಾಲುಸಾಲು ಫೋಟೋ ತೆಗೆಯತೊಡಗಿತು. ನಿಲ್ಲಿಸುವುದು ಹೇಗೆಂದು ತಿಳಿಯದೆ ಹಾಗೇ ಬಿಟ್ಟೆ. ಪೇಪರು ಓದುತ್ತಿದ್ದ ಯಜಮಾನರು, ಹೊಲಿಗೆ ಮೆಷಿನ್ ಯಾವಾಗ ತಂದೆ ಎಂದು ಕೇಳಿದರು. ಆದರೂ ಒಂದು ವಿದ್ಯೆ ಮಾತ್ರ ಕೈಹತ್ತಿತ್ತು: ಮುಖ ಸ್ಪಷ್ಟವಾಗಿ, ಹಿಂದಿನದೆಲ್ಲ ಮಸುಕಾಗಿ ಬರುವಂತೆ ತೆಗೆಯುವುದು. ಅದನ್ನು ಕಲಿತ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಈ ಸುದ್ದಿ ಹೇಗೋ ದೊಡ್ಡವ್ವನ ಕಿವಿಗೆ ಬಿತ್ತು. ದೊಡ್ಡವ್ವ ನಮ್ಮವ್ವನ ಅಕ್ಕ. ಕಬ್ಬಾಳಿನ ಆಚೆ, ಬೆಟ್ಟ ಎದುರಿಗೇ ಕಾಣುವ ಹಳ್ಳಿಯಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಎಂಬತ್ತು ದಾಟಿದ್ದರೂ ಹಿಪ್ಪುನೇರಳೆ ಸೊಪ್ಪು ಕುಯ್ಯುವುದರಲ್ಲಿ ಸೊಸೆ ಮಂಜುಳ ಅವಳ ಸಮಕ್ಕೆ ಬರುವುದಿಲ್ಲ. ಚಿಕ್ಕಂದಿನಲ್ಲಿ ನಾನು ಬೆಳೆದದ್ದೇ ಅವಳ ಮನೆಯಲ್ಲಿ. ಅವಳು ಫೋನು ಮಾಡಿ, ಕ್ಷೇಮಸಮಾಚಾರವೇನೂ ಇಲ್ಲದೆ, "ನಂದೊಂದು ಫೋಟೋ ತೆಗ್ದುಕೊಡವ್ವ. ಗ್ವಾಡೇಗೆ ಆಕಾದು" ಎಂದಳು.

ಗೋಡೆಗೆ ಹಾಕುವುದು ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಯಾಕ್ ದೊಡ್ಡವ್ವ, ಉಸಾರಿಲ್ವಾ?" ಎಂದೆ.

"ನಂಗೇನಾಗದೆ, ಗುಂಡ್ಕಲ್ಲಂಗಿವ್ನಿ. ಆ ಕೆಳಗಲ ಮನೆ ಪುಟ್ಟಮ್ಮ ವೋದ್ಲಲ್ಲ, ಅವಳ್ ಮಕ್ಳು ಆಧಾರ್ ಕಾರ್ಡಲ್ಲಿರಾ ಫೋಟೋನೇ ದೊಡ್ಡದ್ ಮಾಡ್ಸಿ ಆಕವ್ರೆ. ನೋಡುದ್ರೆ ಕೋಳಿ ಕದ್ದು ಸಿಕ್ಕಾಕಂಡೋಳಂಗವ್ಳೆ. ನನ್ನೂ ಅಂಗೇ ಮಾಡ್ಬುಡ್ತಾರೆ. ಅದ್ಕೆ ನಾನೇ ಮಾಡ್ಸಿ ಮಡಿಕ್ಕಂಬುಟ್ರೆ ಚಿಂತೆ ಇಲ್ಲ. ಕೈಕಾಲೆಲ್ಲ ಬರಂಗೆ ತೆಗೀಬೇಕು."

ಕೊನೆಯ ಆ ಮಾತಿಗೆ ನಾನು ಆಗ ಅಷ್ಟು ಗಮನ ಕೊಡಲಿಲ್ಲ. ಕೊಡಬೇಕಿತ್ತು, ಯಾಕೆಂದರೆ ಆ ಮನೆಯಲ್ಲಿ ಕೈಕಾಲಿಲ್ಲದ ಫೋಟೋ ಒಂದು ಆಗಲೇ ಇದೆ.

ಅದು ದೊಡ್ಡಪ್ಪನದು. ದೊಡ್ಡಪ್ಪ ಬದುಕಿದ್ದಾಗ ಫೋಟೋಕ್ಕೆ ನಿಂತದ್ದು ಒಂದೇ ಸಲ, ನಮ್ಮ ಚಿಕ್ಕಪ್ಪನ ಮದುವೆಯಲ್ಲಿ. ಕನಕಪುರದಿಂದ ಸ್ಟುಡಿಯೋದವನು ಬಂದು ಎಲ್ಲರನ್ನೂ ಸಾಲಾಗಿ ಜೋಡಿಸಿ, ಹುಡುಗರನ್ನು ಮುಂದೆ ನಿಲ್ಲಿಸಿ, ಯಾರೂ ಉಸಿರಾಡಬೇಡಿ ಎಂದ. ಕುರ್ಚಿಯಲ್ಲಿ ಕೂತ ದೊಡ್ಡಪ್ಪನ ಮುಂದೆ ನಾನು. ಅವತ್ತು ದೊಡ್ಡವ್ವನೇ ನನಗೆ ಎಣ್ಣೆ ಹಚ್ಚಿ, ತಲೆ ಬಾಚಿ, ನೆತ್ತಿಯ ಮೇಲೆ ಅಗಲವಾದ ಟೇಪು ಹೂವಿನ ಹಾಗೆ ಕಟ್ಟಿದ್ದಳು. ದೊಡ್ಡಪ್ಪ ಹೋದ ಮೇಲೆ ಆ ಗುಂಪಿನಿಂದ ಅವನೊಬ್ಬನನ್ನೇ ಕತ್ತರಿಸಿ ದೊಡ್ಡದು ಮಾಡಿಸಿದರು. ನನ್ನಿಂದ ಬಿಡಿಸಿಕೊಂಡು ಬಂದದ್ದು ಅವನ ತಲೆ ಮತ್ತು ಎದೆ ಅಷ್ಟೆ. ಎಷ್ಟು ಕತ್ತರಿಸಿದರೂ ನನ್ನ ಟೇಪಿನ ಎರಡು ಕಿವಿ ಮಾತ್ರ ಕೆಳಗಿನ ಅಂಚಿನಲ್ಲಿ ಉಳಿದುಕೊಂಡವು. ಹೊಸಬರು ನೋಡಿದರೆ, ಯಜಮಾನರು ಮಿಲಿಟರಿಯಲ್ಲಿದ್ದರಾ, ಅದು ಮೆಡಲ್ಲಾ ಎಂದು ಕೇಳುತ್ತಾರೆ. ದೊಡ್ಡಪ್ಪ ಕನಕಪುರದ ಸಂತೆ ಬಿಟ್ಟರೆ ಬೇರೆ ರಣರಂಗ ಕಂಡವನಲ್ಲ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಎಲ್ಲರ ಮನೆಯಲ್ಲೂ ಫೋಟೋದ ಮುಂದೆ ನೆಲದ ಮೇಲೆ ಎಲೆ ಹಾಕುತ್ತಾರೆ. ದೊಡ್ಡವ್ವನ ಮನೆಯಲ್ಲಿ ಮಾತ್ರ ಗೋಡೆಯ ಹತ್ತಿರ ಎತ್ತರದ ಸ್ಟೂಲು ಎಳೆದು, ಅದರ ಮೇಲೆ ಎಲೆ. ಮುದ್ದೆ, ಮಾಂಸದ ಸಾರು, ಕಜ್ಜಾಯ, ಬೀಡಿ ಕಟ್ಟು ಎಲ್ಲ ದೊಡ್ಡಪ್ಪನ ಗಲ್ಲಕ್ಕೆ ತಾಗುವಂತೆ. "ಕೈಕಾಲಿಲ್ಲದೋರು ಎಂಗೆ ಇಳ್ದು ಬಂದಾರು, ಬಾಯಿತಾವ್ಲೇ ಮಡಗ್ಬೇಕು" ಎನ್ನುತ್ತಿದ್ದಳು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು, ಹಿರಿಯರು ಬಂದು ಉಂಡು ಹೋಗುವ ತನಕ ತೆರೆಯಬಾರದು. ಮಕ್ಕಳಾದ ನಾವು ಬಾಗಿಲ ಸಂದಿಗೆ ಕಣ್ಣಿಟ್ಟು ಕಜ್ಜಾಯ ಕಡಿಮೆಯಾಯಿತೇ ಎಂದು ನೋಡುತ್ತಿದ್ದೆವು. ಮಗ ಬಾಗಿಲು ತೆಗೆಯಲು ಹೋದರೆ ದೊಡ್ಡವ್ವ, "ತಡಿಯೋ, ಅವ್ರ ಊಟ ಮುಗೀಬೇಕಲ್ಲ" ಎಂದು ಗದರುವಳು. ಬದುಕಿದ್ದಾಗಲೂ ದೊಡ್ಡಪ್ಪ ಉಣ್ಣಲು ಕೂತರೆ ಏಳುವುದು ಯಾವಾಗ ಎಂದು ಹೇಳುವಂತಿರಲಿಲ್ಲ. ನಾವೆಲ್ಲ ಕೈತೊಳೆದು ಮಲಗಿದರೂ ಅವನು ಮುದ್ದೆಯ ಚೂರನ್ನು ಸಾರಿನಲ್ಲಿ ಹೊರಳಿಸುತ್ತಲೇ ಇರುತ್ತಿದ್ದ. ದೊಡ್ಡವ್ವ ಕಂಬಕ್ಕೆ ಒರಗಿ, ಆಕಳಿಸುತ್ತ, ಬೈಯುತ್ತ ಕಾಯುವಳು. ಒಂದು ದಿನವೂ ಅವನನ್ನು ಒಬ್ಬನೇ ಉಣ್ಣಲು ಬಿಟ್ಟು ಎದ್ದುಹೋದದ್ದು ಕಾಣೆ.

ನಾನು ಕ್ಯಾಮೆರಾ ಹೊತ್ತುಕೊಂಡು ಹೋದ ದಿನ ಅವರ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ, ಗೂಡು ಕಟ್ಟಲು ತಲೆಯೆತ್ತಿ ಆಡಿಸುತ್ತಿದ್ದವು. ಆ ಹೊತ್ತಿನಲ್ಲಿ ದೇವರೇ ನೆಂಟನಾಗಿ ಬಂದರೂ ಅವನ ಕೈಗೆ ತಟ್ಟೆ ಕೊಟ್ಟು ಹುಳ ಆಯಲು ಕೂರಿಸುತ್ತಾರೆ. ಹುಳದ ಮನೆಯ ಬಾಗಿಲಲ್ಲೇ ದೊಡ್ಡವ್ವ ನನ್ನನ್ನು ತಡೆದಳು. "ಆ ಒಂಟಿಕಣ್ಣಿಂದ್ನ ವರ್ಗೇ ಮಡಗು. ಬೆಳೆಗೆ ಕಣ್ಣಾಗ್ತದೆ." ಮಧ್ಯಾಹ್ನದ ತನಕ ಹಣ್ಣು ಹುಳ ಆಯ್ದು, ಗೂಡು ಕಟ್ಟಲೆಂದು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಟ್ಟೆವು. ಸೊಂಟ ಹಿಡಿದುಹೋಯಿತು. ಸಂಜೆ ಅಂಗಳದಲ್ಲಿ ಅವಳು ಸುಧಾರಿಸಿಕೊಳ್ಳುತ್ತ ಕೂತಾಗ, ನನ್ನ ಕೈಹತ್ತಿದ ವಿದ್ಯೆಯನ್ನೆಲ್ಲ ಧಾರೆಯೆರೆದು, ಮುಖ ಮತ್ತು ಹೆಗಲಷ್ಟೇ ಬರುವಂತೆ, ಹಿಂದಿನದೆಲ್ಲ ಕರಗಿದಂತೆ ಒಂದು ಫೋಟೋ ತೆಗೆದೆ. ನಿಜ ಹೇಳುತ್ತೇನೆ, ಬಲು ಚೆನ್ನಾಗಿ ಬಂದಿತ್ತು. ಒಂದೊಂದು ಸುಕ್ಕೂ ಕಾಣುತ್ತಿತ್ತು. ಕಟ್ಟು ಹಾಕಿಸಿ, ಹೊಗಳಿಕೆಗೆ ಮುಖ ಸಿದ್ಧಮಾಡಿಕೊಂಡು ಮತ್ತೆ ಹೋದೆ.

ದೊಡ್ಡವ್ವ ಅದನ್ನು ಬೆಳಕಿಗೆ ಹಿಡಿದಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳ ನೋಟ ನಮ್ಮೆಲ್ಲರಿಗಿಂತ ಚುರುಕು.

"ಮಖವೇನೋ ನಂದೇ. ಮಿಕ್ಕಿದ್ದೆಲ್ಲವ್ವ?"

"ದೊಡ್ಡವ್ವ, ಈಗೆಲ್ಲ ಇಂಗೇ ತೆಗೆಯೋದು. ಮುಖ ಮುಖ್ಯ ಅಲ್ವಾ?"

"ಇಂದುಗಡೆ ಎಲ್ಲ ಮಂಜಾಗದೆ. ಬೆಟ್ಟ ಇಲ್ಲ, ಉಲ್ಲು ಮೆದೆ ಇಲ್ಲ. ನಿನ್ ಕ್ಯಾಮ್ರಾಕೂ ಪೊರೆ ಬಂದೈತೆ ಕಣವ್ವ. ನಂಗೆ ಮಾಡುದ್ ಡಾಕ್ಟ್ರಿಗೆ ಒಸಿ ತೋರ್ಸು."

ಮಂಜುಳ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾನು ಹುಳ್ಳಗಾಗಿ ನಿಂತೆ. ದೊಡ್ಡವ್ವನ ದನಿ ಮೆತ್ತಗಾಯಿತು. "ಬೇಜಾರ್ ಮಾಡ್ಕಬ್ಯಾಡ ಮಗ. ನಂಗೆ ಕೈ ಬೇಕು, ಕಾಲು ಬೇಕು. ಚೆಂದ ಇಲ್ದಿದ್ರೂ ಆಯ್ತದೆ." ಅವಳು ಯಾವುದನ್ನೂ ಹಾಗೆ ಬೇಡಿಕೊಂಡವಳಲ್ಲ. ನನ್ನ ಅಹಂಕಾರವನ್ನು ಚೀಲಕ್ಕೆ ತುರುಕಿ ಕ್ಯಾಮೆರಾ ತೆಗೆದೆ.

ಅವಳು ಒಳಗೆ ಹೋಗಿ ಗೋಡೆಯ ಮೇಲಿನ ಗೌರವದಿಂದಲೋ ಏನೋ, ಮದುವೆ ಮುಂಜಿಗಷ್ಟೇ ಉಡುವ ರೇಷ್ಮೆ ಸೀರೆ ಉಟ್ಟು ಬಂದು, ಬಾವುಟಕ್ಕೆ ವಂದನೆ ಮಾಡುವವಳ ಹಾಗೆ ಸೆಟೆದು ನಿಂತಳು. ಸೀರೆ ನೆಲ ಗುಡಿಸುತ್ತಿತ್ತು, ಪಾದವಿಲ್ಲ. ಸೆರಗು ಹೊದ್ದಿದ್ದಳು, ಕೈಯಿಲ್ಲ. ಕೈ ಹೊರಗೆ ಬಂದವು, ಆದರೆ ಕೋಲಿನ ಹಾಗೆ. "ಒಸಿ ನಗು ದೊಡ್ಡವ್ವ" ಎಂದರೆ, "ಸತ್ತೋರು ಯಾರಾರ ನಗ್ತಾರೇನವ್ವ" ಎಂದು ಇನ್ನಷ್ಟು ಬಿಗಿದುಕೊಂಡಳು. ಈ ಕಡೆ ನನ್ನ ಪಾಡು ಬೇರೆ. ತಲೆ ಸಿಕ್ಕರೆ ಕಾಲಿಲ್ಲ, ಕಾಲು ಸಿಕ್ಕರೆ ತಲೆಯಿಲ್ಲ. ಹಿಂದೆ ಸರಿದರೆ ಸಿಕ್ಕೀತೆಂದು ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟೆ. ಮಂಡಿ ಬಂತು. ಇನ್ನಷ್ಟು ಹಿಂದೆ, ಕಣಕಾಲು ಬಂತು. ಕಣ್ಣು ಕ್ಯಾಮೆರಾದೊಳಗೆ. "ಏ ಇಂದೆ, ಇಂದೆ ನೋಡವ್ವ" ಎಂದು ದೊಡ್ಡವ್ವ ಕೂಗಿದ್ದು, ಹಿಂದೆ ಹೋಗು ಎಂದು ಹುರಿದುಂಬಿಸಿದಂತೆ ಕೇಳಿತು.

ತಿಪ್ಪೆ ಮೆತ್ತಗಿತ್ತು. ಅದೊಂದು ಪುಣ್ಯ. ಬೆನ್ನು ಕೆಳಗಾಗಿ ಬಿದ್ದವಳಿಗೆ ಮೇಲಿನ ಆಕಾಶ ಕಂಡಿತು, ಕಿವಿಗೆ ಟಕಟಕಟಕ ಎಂದು ಹೊಲಿಗೆ ಮೆಷಿನ್ ಸದ್ದು ಕೇಳಿತು. ಬೀಳುವಾಗ ಬೆರಳು ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ದೊಡ್ಡವ್ವ ಬಂದು ಎರಡೂ ಕೈಹಿಡಿದು ಎಬ್ಬಿಸಿದಳು. ಇಬ್ಬರೂ ಸಗಣಿ ಮೆತ್ತಿಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಆಮೇಲೆ ಫೋಟೋ ತೆಗೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮನೆಗೆ ಬಂದು, ಸ್ನಾನ ಮಾಡಿ, ಕ್ಯಾಮೆರಾಕ್ಕೂ ಒದ್ದೆಬಟ್ಟೆಯ ಸ್ನಾನ ಮಾಡಿಸಿ, ಒಳಗೇನಿದೆ ಎಂದು ನೋಡಿದೆ. ಆಕಾಶ. ತೆಂಗಿನ ಗರಿ. ನನ್ನದೇ ಚಪ್ಪಲಿ. ಆಮೇಲೆ ಒಂದು ಬಂತು. ದೊಡ್ಡವ್ವ ರೇಷ್ಮೆ ಸೀರೆಯನ್ನು ಮೊಣಕಾಲ ತನಕ ಎತ್ತಿಕಟ್ಟಿ, ಬಾಯಿತುಂಬ ನಗುತ್ತ, ಎರಡೂ ಕೈ ಮುಂದೆ ಚಾಚಿ ನನ್ನ ಕಡೆಗೆ ದಾಪುಗಾಲು ಹಾಕುತ್ತಿದ್ದಾಳೆ. ಬರಿಗಾಲಿನ ಬೆರಳುಗಳೆಲ್ಲ ಇವೆ. ಹಿಂದೆ ಹುಲ್ಲಿನ ಮೆದೆ, ಅದರ ಹಿಂದೆ ಕಬ್ಬಾಳು ಬೆಟ್ಟ, ಯಾವುದಕ್ಕೂ ಪೊರೆಯಿಲ್ಲ. ಬೀಳುವಾಗ ಕ್ಯಾಮೆರಾ ಕೈಯಲ್ಲಿ ನೆಟ್ಟಗೆ ತಿರುಗಿ ನಿಂತಿತ್ತು, ಅದಕ್ಕೇ ತಲೆಯಿಂದ ಪಾದದ ತನಕ ಸಿಕ್ಕಿದ್ದು. ಅಲ್ಲಿಯವರೆಗೆ ನಾನು ಅದನ್ನು ಅಡ್ಡವಾಗಿ ಬಿಟ್ಟು ಬೇರೆ ರೀತಿ ಹಿಡಿದೇ ಇರಲಿಲ್ಲ. ಹಾಗೂ ಹಿಡಿಯಬಹುದು ಎಂದು ಕಲಿತದ್ದು ತಿಪ್ಪೆಯಲ್ಲಿ.

ಈ ಸಲ ಕಟ್ಟು ಹಾಕಿಸಿಕೊಂಡು ಹೋಗುವಾಗ ಹೊಗಳಿಕೆಯ ಆಸೆ ಇರಲಿಲ್ಲ, ಹೆದರಿಕೆ ಇತ್ತು. ನಗುವ ಫೋಟೋ, ಎತ್ತಿಕಟ್ಟಿದ ಸೀರೆ, ಸೆರಗು ಒಂದು ಕಡೆ. ದೊಡ್ಡವ್ವ ತುಂಬ ಹೊತ್ತು ನೋಡಿದಳು. ಗಾಜಿನ ಮೇಲೆ ಬೆರಳಿಟ್ಟು ಮೊದಲು ಕಾಲು ಮುಟ್ಟಿದಳು, ಆಮೇಲೆ ಎಡಗೈ, ಆಮೇಲೆ ಬಲಗೈ.

"ಎಲ್ಲಾ ಅವೆ" ಎಂದಳು.

ಎದ್ದುಹೋಗಿ ಅದನ್ನು ದೊಡ್ಡಪ್ಪನ ಫೋಟೋದ ಪಕ್ಕಕ್ಕೆ ಗೋಡೆಗೆ ಹಿಡಿದಳು. ಮಂಜುಳ ಗಾಬರಿಯಾಗಿ, "ಬದುಕಿರೋರ ಫೋಟೋ ಅಲ್ಲೆಲ್ಲ ಹಿಡೀಬಾರ್ದು ಕಣತ್ತೆ, ಇಳ್ಸಿ" ಎಂದಳು. "ಸುಮ್ಕಿರು, ಅಳತೆ ನೋಡ್ತಾವ್ನಿ" ಎಂದು ದೊಡ್ಡವ್ವ ಆ ಪಕ್ಕಕ್ಕೊಮ್ಮೆ, ಈ ಪಕ್ಕಕ್ಕೊಮ್ಮೆ ಹಿಡಿದು, ಕೊನೆಗೆ ಒಂದು ಕಡೆ ನಿಲ್ಲಿಸಿದಳು.

"ಈ ಮಗ್ಗುಲಿಗೇ ಮೊಳೆ ಒಡೀರಿ. ನನ್ ಬಲಗೈ ಅವ್ರ ಕಡೀಕಿರ್ಬೇಕು. ಎಡಗೈಲಿ ಉಣ್ಸಾಕಾಯ್ತದಾ?"

ನನಗೆ ತಟ್ಟನೆ ಹೊಳೆಯಲಿಲ್ಲ. ಅವಳು ನನ್ನ ಕಡೆ ತಿರುಗಿ, ಬಸ್ಸಿನ ದಾರಿ ಹೇಳುವಷ್ಟು ಸಲೀಸಾಗಿ ಹೇಳಿದಳು. "ನಿಮ್ ದೊಡ್ಡಪ್ಪಂಗೆ ಕೈಯಿಲ್ಲ, ಕಾಲಿಲ್ಲ. ಇಷ್ಟು ವರ್ಷ ಗಲ್ಲದತಾವ್ಲೇ ಎಲೆ ಇದ್ರೂ ಏನ್ ತಿಂದ್ರೋ, ಏನ್ ಬುಟ್ರೋ. ನಂಗೆ ಐತಲ್ಲ ಈಗ. ನಾನ್ ವೋದ್ಮೇಲೆ ಸ್ಟೂಲು ಬ್ಯಾಡ, ಇಬ್ರಿಗೂ ನೆಲದ ಮ್ಯಾಲೇ ಎಡೆ ಮಡಗಿ. ನಾನು ಇಳ್ದೋಗಿ ತಂದು ಅವ್ರಿಗೆ ಉಣ್ಸ್ತೀನಿ."

ಗೋಡೆಯ ಮೇಲೆ ದೊಡ್ಡಪ್ಪ, ಅವನ ಎದೆಯ ಕೆಳಗೆ ನನ್ನ ಟೇಪಿನ ಎರಡು ಕಿವಿ, ಪಕ್ಕದಲ್ಲಿ ಕೈಚಾಚಿಕೊಂಡು ನಗುತ್ತ ಬರುತ್ತಿರುವ ದೊಡ್ಡವ್ವ. ಕಣ್ಣು ಮಂಜಾಯಿತು, ಬೆಟ್ಟವೂ ಮೆದೆಯೂ ಮಸುಕಾದವು. ದೊಡ್ಡವ್ವ ಫೋಟೋವನ್ನು ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿಟ್ಟು ಮುಚ್ಚಿದಳು. ಆಮೇಲೆ ಏನೋ ನೆನಪಾಗಿ ಸೊಸೆಯನ್ನು ಕರೆದಳು.

"ಮಂಜುಳಾ, ಬಾಗಿಲನ್ನ ಮಾತ್ರ ಬಿರ್ರನೆ ತೆಗ್ದುಬುಟ್ಟೀರ. ಅವ್ರು ನಿಧಾನುಕ್ಕೆ ಉಣ್ಣಾದು."